ಹಳೇ ಟಿವಿ ಗೇಮ್ ರಿಪೇರಿಗೆ ಕೊಡ್ತೀರಾ? ಅಡಾಪ್ಟರ್ ಜೊತೆಗೇ ಕೊಡಿ

ಅಟ್ಟದ ಮೇಲೆ ಹಳೇ ಟಿವಿ ಗೇಮ್ ಇಟ್ಟುಕೊಂಡವರು ಅದನ್ನು ರಿಪೇರಿಗೆ ಒಯ್ಯುವ ಮುಂಚೆ ಇದನ್ನೊಮ್ಮೆ ಓದಿ. ನನಗೆ ಹೋಗಿದ್ದು 900 ರೂಪಾಯಿ, ಒಂದು ಮಷಿನ್, ಆರು ಕ್ಯಾಸೆಟ್. 900 ರೂಪಾಯಿಯದ್ದು ಬೇಜಾರಿಲ್ಲ.

ಮಷಿನ್ 1996ರಲ್ಲಿ ಸೋದರಮಾವ ಮಸ್ಕತ್‌ನಿಂದ ಬರುವಾಗ ತಂದಿದ್ದು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು. ಅಸಲಿಯನ್ನು ನಾನು ಯಾರ ಮನೆಯಲ್ಲೂ ನೋಡಿಲ್ಲ, ನಮಗೆಲ್ಲ ನಕಲೇ ಅಸಲಿ. ಮಾರಿಯೋ, ಕಾಂಟ್ರಾ, ಬಂದೂಕು ಹಿಡಿದು ಬಾತುಕೋಳಿ ಹೊಡೆಯುವ ಡಕ್ ಹಂಟ್. ರವಿವಾರ ಬಂತೆಂದರೆ ಕೋಡಿಬಾಗದ ನಮ್ಮ ಕೇರಿಯ ಅರ್ಧ ಹುಡುಗರು ನಮ್ಮ ಜಗಲಿಯಲ್ಲೇ ಇರುತ್ತಿದ್ದರು.

ಕಳೆದ ದೀಪಾವಳಿಗೆ ಅಕ್ಕನ ಮಗ ಬಂದಾಗ ಅಟ್ಟದಿಂದ ಇಳಿಸಿದೆ. ಅಡಾಪ್ಟರ್ ವೈರನ್ನು ಇಲಿ ಕಡಿದಿತ್ತು. ಟೇಪ್ ಸುತ್ತಿ ಹಾಕಿದರೆ ಕೆಂಪು ಲೈಟ್ ಬಂತು! ಕಾಂಟ್ರಾ ಕ್ಯಾಸೆಟ್ ನಾಲ್ಕು ಸಲ ಹಾಕಿದರೆ ಒಂದು ಸಲ ಓಡುತ್ತಿತ್ತು, ಉಳಿದ ಸಲ ಪರದೆ ತುಂಬಾ ಚೌಕ ಚೌಕ ಬಣ್ಣ. ಒಂದು ಸಲವಾದರೂ ಓಡಿತಲ್ಲ, ಅಂದರೆ ಮಷಿನ್ ಸರಿ ಇದೆ, ಕ್ಯಾಸೆಟ್ಟಿನ ಪಿನ್ನು ಕೊಳೆಯಾಗಿದೆ ಅಂತ ಅರ್ಥ. ಇದು ನನಗೆ ಆಗ ಗೊತ್ತಿರಲಿಲ್ಲ.

ನಾವೆಲ್ಲ ಏನು ಮಾಡುತ್ತಿದ್ದೆವು? ಉಫ್ ಅಂತ ಊದುತ್ತಿದ್ದೆವು. ಊದಿದ್ದಕ್ಕೆ ಓಡಿತು ಅಂದುಕೊಂಡಿದ್ದು ಸುಳ್ಳು. ತೆಗೆದು ಮತ್ತೆ ಹಾಕಿದಾಗ ಪಿನ್ನುಗಳು ಸರಿಯಾಗಿ ಕೂರುತ್ತಿದ್ದವು, ಅಷ್ಟೇ. ಉಸಿರಿನ ತೇವ ಮಾತ್ರ ಒಳಗೇ ಉಳಿಯುತ್ತಿತ್ತು. ಮೊದಲೇ ಕಾರವಾರದ ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಪಿನ್ನಿನ ತುದಿಗೆ ತಾಮ್ರದ ಹಂಡೆಗೆ ಹಿಡಿಯುವಂಥ ಹಸಿರು ಕಿಲುಬು ಬಂದಿತ್ತು.

ಪೇಟೆಯ ಒಂದು ಅಂಗಡಿಗೆ ಒಯ್ದೆ. ಹೆಸರು ಬೇಡ. ಹುಡುಗ ಕೆಟ್ಟವನಲ್ಲ, ಎಲ್‌ಇಡಿ ಟಿವಿ ಚೆನ್ನಾಗಿಯೇ ರಿಪೇರಿ ಮಾಡುತ್ತಾನೆ. "ಬಿಟ್ಟು ಹೋಗಿ ಸರ್, ಫುಲ್ ಸರ್ವಿಸ್ ಮಾಡಿಡ್ತೇನೆ" ಎಂದ. ಅಡಾಪ್ಟರ್ ಟೇಪ್ ಸುತ್ತಿದ್ದು ನೋಡಿ ನಕ್ಕ. "ಇದನ್ನ ಒಯ್ರಿ, ಅಡಾಪ್ಟರ್ ನಮ್ಮತ್ರ ರಾಶಿ ಇದೆ." ನಾನೂ ನಕ್ಕು ವಾಪಸ್ ತಂದೆ. ಅಲ್ಲೇ ನಾನು ಎಡವಿದ್ದು.

ಮೂರನೇ ದಿನ ಹೋದರೆ ಕ್ಯಾಸೆಟ್‌ಗಳು ಫಳಫಳ. "ನೋಡಿ ಸರ್, ಹೊಸದರ ಹಾಗೆ" ಅಂತ ಒಂದನ್ನು ಕೈಗೆ ಕೊಟ್ಟ. ಒಂದು ಬದಿಗೆ 30, ಇನ್ನೊಂದು ಬದಿಗೆ 30, ಒಟ್ಟು 60 ಪಿನ್ನು. ಎಲ್ಲವೂ ಕೆಂಪಗೆ ಹೊಳೆಯುತ್ತಿದ್ದವು. ಕೆಂಪಗೆ! ಆ ಪಿನ್ನುಗಳ ಮೇಲೆ ಹಳದಿ ಬಣ್ಣದ ತೆಳು ಲೇಪ ಇತ್ತು. ಕೆಳಗಿನ ತಾಮ್ರಕ್ಕೆ ಗಾಳಿ ತಾಗದಂತೆ ಕಾಯುವುದೇ ಅದು. ಹುಡುಗ ಬಡಗಿಗಳು ಮರಕ್ಕೆ ಉಜ್ಜುವ ಪಾಲಿಶ್ ಪೇಪರ್ ಹಾಕಿ ಅದನ್ನೆಲ್ಲ ತಿಕ್ಕಿ ತೆಗೆದಿದ್ದ. ಅದೂ ಅಡ್ಡಡ್ಡ. ಒಂದು ಕ್ಯಾಸೆಟ್ಟಿನಲ್ಲಿ ಅಂಚಿನ ಪಿನ್ನು ಬೋರ್ಡಿನಿಂದ ಎದ್ದು, ಒಣಗಿದ ಎಲೆಯ ಹಾಗೆ ಸುರುಳಿಯಾಗಿತ್ತು. ತಿಕ್ಕಿದ್ದರಲ್ಲಿ ಉಳಿದವು ಮೂರೇ ವಾರದಲ್ಲಿ ಕಪ್ಪಾದವು.

ಮೇಲಿನ ಡಬ್ಬಿಯನ್ನು ಥಿನ್ನರ್‌ನಲ್ಲಿ ಒರೆಸಿದ್ದ. ಥಿನ್ನರ್ ಈ ಜಾತಿಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಮಷಿನ್ ಬೆನ್ನಿನ ಮೇಲೆ ಅವನ ಹೆಬ್ಬೆರಳಿನ ಗುರುತು ಆಧಾರ್ ಕಾರ್ಡಿಗೆ ಒತ್ತಿದಷ್ಟು ಸ್ಪಷ್ಟವಾಗಿ ಕೂತಿದೆ. ಈಗಲೂ ಇದೆ.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಮಷಿನ್ ಆನ್ ಮಾಡಿದರೆ ಲೈಟೇ ಇಲ್ಲ. "ಅದು ಮೊದಲೇ ಹೋಗಿತ್ತು ಸರ್, ಹಳೇದಲ್ವಾ" ಎಂದ. ನನ್ನ ಮನೆಯಲ್ಲಿ ಓಡಿತ್ತು ಅಂತ ಹೇಗೆ ತೋರಿಸಲಿ? ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದುಕೊಂಡಿದ್ದರೆ ಮುಗಿದಿತ್ತು. ನೀವು ತೆಗೆದುಕೊಳ್ಳಿ. 900 ಕೊಟ್ಟು ಬಂದೆ, ಜಗಳ ನನಗೆ ಬರುವುದಿಲ್ಲ.

ಅಂಕೋಲಾದಲ್ಲಿ ವಾಲ್ವ್ ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡು ಬಂದ ಹಿರಿಯರೊಬ್ಬರಿದ್ದಾರೆ. ಅವರ ಹತ್ತಿರ ಬಿಚ್ಚಿಸಿದೆ. ಮೀಟರ್ ಇಟ್ಟು ನೋಡಿ "ತಮಾ, ಉಲ್ಟಾ ಕರೆಂಟ್ ಕೊಟ್ಟಿದ್ದಾರೆ" ಎಂದರು. ಮಷಿನ್ ತಿರುಗಿಸಿ ತೋರಿಸಿದರು. ಕೆಳಗೆ 9 ವೋಲ್ಟ್ ಅಂತ ಬರೆದು, ಪಕ್ಕದಲ್ಲಿ ಅಡಾಪ್ಟರ್ ತುದಿಯ ಚಿಕ್ಕ ಚಿತ್ರ: ನಡುವೆ ಮೈನಸ್, ಸುತ್ತ ಪ್ಲಸ್. ಫ್ಯಾಮಿಕಾಮ್‌ನಲ್ಲೂ ನಡುವೆ ಮೈನಸ್ಸೇ. ಈಗಿನ ವೈಫೈ ರೂಟರ್‌ನ 12 ವೋಲ್ಟ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್. ಹುಡುಗ ಅಂಥದ್ದನ್ನೇ ಹಾಕಿ ನೋಡಿರಬೇಕು. ತೂತಿಗೆ ಸರಿಯಾಗಿ ಕೂರುತ್ತದೆ, ಅದೇ ಮೋಸ. ಬರೀ 12 ವೋಲ್ಟ್ ಆಗಿದ್ದರೆ ಒಳಗಿನ 7805, ಅಂದರೆ 5 ವೋಲ್ಟ್‌ಗೆ ಇಳಿಸಿ ಕೊಡುವ ಮೂರು ಕಾಲಿನ ಐಸಿ, ಬಿಸಿಯಾಗಿಯಾದರೂ ತಡೆದುಕೊಳ್ಳುತ್ತಿತ್ತೇನೋ. ಉಲ್ಟಾ ಆದರೆ ಅದೂ ಹೋಗುತ್ತದೆ, ಅದರ ಹಿಂದಿನದೂ ಹೋಗುತ್ತದೆ.

7805 ಹೊಸದು ಹಾಕಿದರು. ಲೈಟ್ ಬಂತು, ಪರದೆ ಮಾತ್ರ ಕಪ್ಪು. ಬೋರ್ಡಿನ ನಡುವೆ ಡಾಂಬರಿನ ಬೊಟ್ಟಿನ ಹಾಗೆ ಒಂದು ಕಪ್ಪು ಗುಂಡಗಿನದು ಇರುತ್ತದೆ. ನಕಲು ಮಷಿನ್‌ಗಳಲ್ಲಿ ಮಿದುಳೆಲ್ಲ ಅದರಡಿಯಲ್ಲೇ. ಅಸಲಿಯಲ್ಲಾದರೆ ಚಿಪ್ ಬಿಚ್ಚಿ ಬೇರೆ ಹಾಕಬಹುದು, ಈ ಬೊಟ್ಟನ್ನು ಏನೂ ಮಾಡಲಾಗದು. ಅವರು ಕೂಲಿ ತೆಗೆದುಕೊಳ್ಳಲಿಲ್ಲ, ಚಾ ಕುಡಿಸಿ ಕಳಿಸಿದರು.

ಪಿನ್ನು ಒರೆಸುವುದು ನಿಜಕ್ಕೂ ಹತ್ತು ನಿಮಿಷದ ಕೆಲಸವಂತೆ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದ್ದು. 70 ಪರ್ಸೆಂಟಿನದ್ದರಲ್ಲಿ ಉಳಿದಿದ್ದು ನೀರು, ಸ್ಯಾನಿಟೈಜರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಎರಡೂ ಬೇಡ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಹಚ್ಚಿ, ಪಿನ್ನಿನ ಉದ್ದಕ್ಕೆ ಎಳೆಯಬೇಕು, ಅಡ್ಡಕ್ಕಲ್ಲ. ಮೊದಲ ಕಡ್ಡಿ ಕಾಡಿಗೆಯಷ್ಟು ಕಪ್ಪಾಗಿ ಬರುತ್ತದೆ. ಕಡ್ಡಿ ಬೆಳ್ಳಗೇ ಬರುವವರೆಗೆ ಬದಲಿಸುತ್ತಾ ಹೋಗುವುದು. ಜಗ್ಗದ ಕಿಲುಬಿಗೆ ಮಕ್ಕಳ ಬಿಳಿ ರಬ್ಬರ್, ಅದೂ ಹಗುರಕ್ಕೆ. ಮನೆಯಲ್ಲಿ ಆಯಿ ಹುಣಸೆಹುಳಿ ಹಚ್ಚು ಎಂದಿದ್ದಳು. ಹಂಡೆಗೆ ಸರಿ, ಇದಕ್ಕೆ ಆ ಹುಳಿಯೇ ವಿಷ. ಆಟ ಸೇವ್ ಆಗುವ ಕ್ಯಾಸೆಟ್ಟಿನೊಳಗೆ ನಾಣ್ಯದಂಥ ಸೆಲ್ ಇರುತ್ತದೆ, ಸುಮ್ನೆ ಕಿತ್ತರೆ ಸೇವ್ ಆಗಿದ್ದೆಲ್ಲ ಅಳಿಸಿಹೋಗುತ್ತದೆ. ಒರೆಸಿದ ಮೇಲೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಚಪ್ಪಲಿ ಬಾಕ್ಸಿನಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ನಮ್ಮ ಕರಾವಳಿಯಲ್ಲಿ ಅಟ್ಟ ಎಂದರೆ ಬೂಸ್ಟಿನ ಮನೆ.

ನನ್ನ ಎಂಟು ಕ್ಯಾಸೆಟ್ಟಿನಲ್ಲಿ ಎರಡು ಉಳಿದಿವೆ, ಕುಮಟಾದ ಗೆಳೆಯನ ಮಷಿನ್‌ನಲ್ಲಿ ಹಾಕಿ ನೋಡಿದೆ. ಉಳಿಯಲು ಕಾರಣ, ಆ ಹುಡುಗ ಅವೆರಡನ್ನು ತಿಕ್ಕಲು ಮರೆತಿದ್ದ. ಒಂದು ಮಾರಿಯೋ. ಇನ್ನೊಂದು ಲಕ್ಷಗಟ್ಟಲೆ ಆಟ ಎಂದು ಬರೆದು ಒಳಗೆ ಹತ್ತೇ ಆಟ ಇರುವಂಥದ್ದು. ಕಾಂಟ್ರಾ ಹೋಯಿತು.

ಯಾರ ಮನೆಯಲ್ಲಾದರೂ ಇಂಥ 60 ಪಿನ್ನಿನ ಮಷಿನ್ ಸುಮ್ನೆ ಬಿದ್ದಿದ್ದರೆ ತಿಳಿಸಿ. ಬೋರ್ಡ್ ಸರಿ ಇದ್ದರೆ ಸಾಕು, ಡಬ್ಬಿ ಒಡೆದಿದ್ದರೂ ಅಡ್ಡಿಲ್ಲ. ಭಟ್ಕಳದವರೆಗೆ ಎಲ್ಲಿದ್ದರೂ ರೈಲು ಹತ್ತಿ ನಾನೇ ಬಂದು ಒಯ್ಯುತ್ತೇನೆ. ಚೆಕ್ ಮಾಡಲು ಅಡಾಪ್ಟರ್ ನಾನೇ ತರುತ್ತೇನೆ, ದಯವಿಟ್ಟು ನಿಮ್ಮದು ಹಾಕಬೇಡಿ.