ಸ್ಮಾರ್ಟ್‌ಹಿಸ್ಟರಿ: ಕಣ್ಣಿಗೆ ಒಳ್ಳೆ ಮೇಷ್ಟ್ರು, ಪೆನ್ನಿಗಲ್ಲ

ಹಗಲೆಲ್ಲ ಕೆಲಸ, ರಾತ್ರಿ ಊಟವಾದ ಮೇಲೆ ಒಂದು ಗಂಟೆ ಬಿಡುವು. ಅಷ್ಟರಲ್ಲೇ ಕಲಾ ಇತಿಹಾಸ ಓದಬೇಕು ಅನ್ನುವವರಿಗೆ ಸ್ಮಾರ್ಟ್‌ಹಿಸ್ಟರಿ ಜಾಲತಾಣ ಚೆನ್ನಾಗಿ ಒಗ್ಗುತ್ತದೆ. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ಬೆತ್ ಹ್ಯಾರಿಸ್, ಸ್ಟೀವನ್ ಜುಕರ್ ಎಂಬ ಇಬ್ಬರು ಕಲಾ ಇತಿಹಾಸಕಾರರು 2005ರಲ್ಲಿ ಶುರು ಮಾಡಿದ್ದು. ಕೃತಿಯ ಮುಂದೆ ನಿಂತು ಇಬ್ಬರು ಮಾತಾಡಿಕೊಳ್ಳುವ ಧಾಟಿಯೇ ಇದರ ಜೀವಾಳ; ಹೆಚ್ಚಿನ ವೀಡಿಯೊಗಳು ಹತ್ತು ನಿಮಿಷದೊಳಗೆ ಮುಗಿಯುತ್ತವೆ.

ತೊಂದರೆಯೂ ಅಲ್ಲೇ. ಸಾಲಾಗಿ ಆರು ವೀಡಿಯೊ ನೋಡಿ ಮಲಗಿದರೆ ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ರಾತ್ರಿಗೆ ಒಂದೇ ಕೃತಿ ಸಾಕು. ಚಿತ್ರಕಾರ ಯಾನ್ ವಾನ್ ಐಕ್ 1434ರಲ್ಲಿ ಬರೆದ, ಕೋಣೆಯಲ್ಲಿ ನಿಂತ ಗಂಡು-ಹೆಣ್ಣಿನ ಅರ್ನಾಲ್ಫಿನಿ ಚಿತ್ರವನ್ನೇ ತಗೊಳ್ಳಿ. ವೀಡಿಯೊ ಹಾಕುವ ಮೊದಲು ಬರೀ ಚಿತ್ರ ತೆರೆದು ಹತ್ತು ನಿಮಿಷ ನೋಡಿ, ಕಂಡದ್ದನ್ನು ಬರೆದಿಡಿ. ಹಗಲು ಹೊತ್ತಿನಲ್ಲೂ ತೂಗುದೀಪದಲ್ಲಿ ಮೋಂಬತ್ತಿ ಉರಿಯುತ್ತಿದೆ. ಹಿಂದಿನ ಗೋಡೆಯ ಉಬ್ಬುಗನ್ನಡಿಯಲ್ಲಿ, ಬಾಗಿಲ ಬಳಿ ನಿಂತ ಇನ್ನಿಬ್ಬರು ಕಾಣುತ್ತಾರೆ. ಕನ್ನಡಿಯ ಮೇಲ್ಗಡೆ, ತಾನು ಇಲ್ಲಿದ್ದೆ ಎಂದು ಚಿತ್ರಕಾರ ಲ್ಯಾಟಿನ್‌ನಲ್ಲಿ ಬರೆದುಕೊಂಡಿದ್ದಾನೆ. ಆಮೇಲೆ ವೀಡಿಯೊ ನೋಡಿ, ಕಣ್ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ತಿಂಗಳು ಕಳೆದರೆ ಕೆಂಪು ಕಡಿಮೆಯಾಗುತ್ತ ಬರುವುದು ಗೊತ್ತಾಗುತ್ತದೆ.

ಪರದೆಯಲ್ಲಿ ಕಲಿಯುವವರು ಎಡವುವುದು ಅಳತೆಯಲ್ಲಿ. ಈ ಚಿತ್ರದ ಎತ್ತರ ಸುಮಾರು 82 ಸೆಂ.ಮೀ., ಅಗಲ 60. ಪಿಕಾಸೊನ ‘ಗೆರ್ನಿಕಾ’ ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ. ಮೊಬೈಲಿನಲ್ಲಿ ಎರಡೂ ಅಂಗೈಯಗಲ! ಟೇಪು ಹಿಡಿದು ಸೀಮೆಸುಣ್ಣದಲ್ಲಿ ಚೌಕ ಎಳೆದುಕೊಂಡರೆ ವ್ಯತ್ಯಾಸ ಮೈಗೆ ತಿಳಿಯುತ್ತದೆ. ಮೊದಲನೆಯದಕ್ಕೆ ಕೋಣೆಯ ಗೋಡೆ ಸಾಕು, ಗೆರ್ನಿಕಾಗೆ ತಾರಸಿಯೇ ಬೇಕು.

ಮಾತೆಲ್ಲ ಇಂಗ್ಲಿಷಿನಲ್ಲಿ. ಸಬ್‌ಟೈಟಲ್ ಹಾಕಿಕೊಂಡರೆ ಅಷ್ಟೇನೂ ಕಷ್ಟವಿಲ್ಲ. ಅದಕ್ಕಿಂತ ದೊಡ್ಡ ಕೊರತೆ, ಇಟಲಿಗೆ ಸಿಕ್ಕ ಜಾಗದ ಮುಂದೆ ನಮ್ಮ ದಖ್ಖನ್‌ಗೆ ಸಿಕ್ಕಿದ್ದು ತೀರ ಕಡಿಮೆ. ಆ ಭಾಗವನ್ನು ಬಾದಾಮಿಯಲ್ಲೇ ತುಂಬಿಕೊಳ್ಳಬೇಕು. ಮೂರನೆಯ ಗುಹೆಯಿಂದ ಶುರು ಮಾಡಿ. ಚಾಲುಕ್ಯ ವಂಶದ ಮಂಗಳೇಶನ ಶಾಸನದಲ್ಲಿ ಶಕ 500, ಅಂದರೆ ಕ್ರಿ.ಶ. 578 ಎಂದು ಕಾಲ ಸ್ಪಷ್ಟವಾಗಿದೆ. ಆದಿಶೇಷನ ಸುರುಳಿಯ ಮೇಲೆ ಕೂತ ವಿಷ್ಣು, ಪಕ್ಕದ ವರಾಹ, ಕಂಬಗಳ ಮೇಲಿನ ಜೋಡಿಗಳು: ಇವುಗಳ ಮೈಕಟ್ಟು, ಒಡವೆ ಬರೆದುಕೊಂಡರೆ ಕಾಲ ನಮೂದಿಸದ ಉಳಿದ ಗುಹೆಗಳನ್ನು ಹೋಲಿಸಲು ಒಂದು ಆಧಾರ ಸಿಗುತ್ತದೆ.

ಪದವಿ ಬೇಕಾದವರಿಗೆ ಇದು ಆಗಿಬರುವುದಿಲ್ಲ. ಬರೆದದ್ದನ್ನು ತಿದ್ದುವವರು ಇಲ್ಲಿ ಯಾರೂ ಇಲ್ಲ. ಅದಕ್ಕೊಂದು ಉಪಾಯ: ವಾರಕ್ಕೊಂದು ಕೃತಿಯ ಬಗ್ಗೆ ಕನ್ನಡದಲ್ಲಿ 200 ಪದ ಬರೆದು, ಆ ಕೃತಿಯನ್ನು ನೋಡದವರ ಕೈಗೆ ಕೊಟ್ಟು ಪೆನ್ಸಿಲಿನಲ್ಲಿ ಬಿಡಿಸಲು ಹೇಳಿ. ಕನ್ನಡಿ ಬಲಗೋಡೆಗೆ ಹೋಗಿದ್ದರೆ ತಪ್ಪು ಬಿಡಿಸಿದವರದಲ್ಲ.