ಟಿಪ್ಪರ್ ಚಾಸಿಯೋ, ಡಂಪರ್ ಫ್ರೇಮೋ? ಗಣಿ ದಾರಿಯಲ್ಲಿ ಎರಡನ್ನೂ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಂಪರ್‌ಗೆ. ಹೊಸದಕ್ಕಲ್ಲ, ಕೈ ಬದಲಾದ 35 ಟನ್ನಿನ ಹಳೇ ರಿಜಿಡ್ (ನಡುವೆ ಕೀಲಿಲ್ಲದ, ಒಂದೇ ಫ್ರೇಮಿನ) ಡಂಪರ್‌ಗೆ. ಸಂಡೂರು ಕಡೆ ಅದಿರು ಸಾಗಿಸುವ ಕಾಂಟ್ರಾಕ್ಟ್ ನನ್ನದು. ಒಂದೇ ಗುಡ್ಡದ ದಾರಿಯಲ್ಲಿ ಹತ್ತು ಚಕ್ರದ ಟಿಪ್ಪರ್, ಈ ಡಂಪರ್ ಎರಡೂ ಓಡಿವೆ. ಎಂಜಿನ್, ಡೀಸೆಲ್ ಲೆಕ್ಕ ಎಲ್ಲರಿಗೂ ಗೊತ್ತು, ಬಿಡಿ. ಇಲ್ಲಿ ಚಾಸಿ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಚೌಕಟ್ಟಿನ ವಿಷಯ ಮಾತ್ರ. ಡಂಪರಿನಲ್ಲಿ ಇದನ್ನೇ ಫ್ರೇಮ್ ಅನ್ನುತ್ತೇವೆ.

ಟಿಪ್ಪರ್ ಚಾಸಿ ಅಂದರೆ ಉದ್ದದ ಎರಡು ಸಿ-ಚಾನೆಲ್ (ಇಂಗ್ಲಿಷಿನ C ಆಕಾರದ ಉಕ್ಕಿನ ತೊಲೆ), ನಡುವೆ ಅಡ್ಡಪಟ್ಟಿಗಳು. ಏರುಪೇರು ದಾರಿಯಲ್ಲಿ ಅದು ತಿರುಚಿಕೊಳ್ಳಬೇಕು ಅಂತಲೇ ಹಾಗೆ ಮಾಡಿರುತ್ತಾರೆ. ಆಗಲೇ ಎಲ್ಲ ಚಕ್ರಗಳೂ ನೆಲ ಕಚ್ಚೋದು. ಆದರೆ ಅದರ ಮೇಲೆ ಕೂತು ಅದಿರಿನ ಬಾಡಿ ಹೊರುವ ಸಬ್‌ಫ್ರೇಮ್ ಗಟ್ಟಿ, ಕೆಳಗಿನ ಚಾಸಿ ಬಳುಕುತ್ತದೆ. ಕ್ಯಾಬಿನ್ ಹಿಂದೆ ಸಬ್‌ಫ್ರೇಮ್ ಶುರುವಾಗುವ ಜಾಗಕ್ಕೆ ಒತ್ತಡವೆಲ್ಲ ಬಂದು ಸೇರುತ್ತದೆ. ನನ್ನ ಗಾಡಿ ಬಿರುಕು ಬಿಟ್ಟಿದ್ದು ಅಲ್ಲೇ, ಕೆಳ ಫ್ಲ್ಯಾಂಜಿನ (ಚಾನೆಲ್ಲಿನ ಅಡ್ಡ ಮಡಿಕೆಯ) ಅಂಚಿನಿಂದ.

ಗ್ಯಾರೇಜಿನವನು ಬಿರುಕಿನ ಮೇಲೆ ಚೌಕ ಪ್ಲೇಟ್ ಇಟ್ಟು ಸುತ್ತಲೂ ವೆಲ್ಡಿಂಗ್ ಹೊಡೆದ. ನೋಡೋಕೆ ಭದ್ರವಾಗಿತ್ತು. ಮುಂದಿನ ಬಿರುಕು ಆ ಪ್ಲೇಟಿನ ಅಂಚಿನಿಂದಲೇ ಹೊರಟಿತು. ಆ ಚಾನೆಲ್ ಹೆಚ್ಚು ಬಲದ ಉಕ್ಕಿನದು, ವೆಲ್ಡಿಂಗ್ ಶಾಖಕ್ಕೆ ಆ ಬಲ ಕುಗ್ಗುತ್ತದೆ. ಪ್ಲೇಟ್ ಗಕ್ಕನೆ ಮುಗಿಯುವಲ್ಲಿ ಒತ್ತಡವೂ ಜಾಸ್ತಿ. ಸರಿಯಾದ ರಿಪೇರಿಗೆ ಬಿರುಕಿನ ತುದಿಯಲ್ಲಿ ತೂತು ಕೊರೆದು ಮೊದಲು ಅದನ್ನು ನಿಲ್ಲಿಸಬೇಕು. ವಿ ಆಕಾರದಲ್ಲಿ ಗ್ರೈಂಡ್ ಮಾಡಿ, ತುಂಬಿ, ಸಮ ಮಾಡಬೇಕು. ಬಲಕ್ಕೆ ಹಾಕುವ ಪ್ಲೇಟಿನ ತುದಿ ಓರೆಯಾಗಿರಬೇಕು. ಬೋಲ್ಟ್ ಚಾನೆಲ್ಲಿನ ನಿಂತ ಗೋಡೆಗೆ ಹಾಕಬೇಕು, ಫ್ಲ್ಯಾಂಜಿಗೆ ತೂತು ಹೊಡೆಯಲೇಬಾರದು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚದಿದ್ದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಸಿಎಂ, ಸುಟ್ಟರೂ ಸುಟ್ಟೀತು. ಇಷ್ಟೆಲ್ಲ ಮಾಡೋಕೆ ಗ್ಯಾರೇಜಿನವರಿಗೆ ಪುರುಸೊತ್ತು ಎಲ್ಲಿದೆ, ಅಲ್ವಾ?

ಡಂಪರ್ ಫ್ರೇಮಿನದು ಬೇರೆ ಲೆಕ್ಕ. ಅದರ ಉದ್ದದ ತೊಲೆಗಳು ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯ ಹಾಗೆ. ಊದುಬತ್ತಿಯ ರಟ್ಟಿನ ಕೊಳವೆಯನ್ನು ತಿರುಚಿ ನೋಡಿ, ಆಮೇಲೆ ಉದ್ದಕ್ಕೆ ಸೀಳಿ ತಿರುಚಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಭಾರ ಬೀಳುವ ಮೂಲೆಗಳಲ್ಲಿ ಎರಕದ ಉಕ್ಕಿನ ತುಂಡು ಕೂರಿಸಿ, ವೆಲ್ಡಿಂಗನ್ನು ಆಚೆಗೆ ಸರಿಸಿರುತ್ತಾರೆ. ಇದು ಬಳುಕೋದು ಕಡಿಮೆ. ಹಾಗಾಗಿ ಹಳ್ಳದ ಏಟನ್ನು ನೈಟ್ರೋಜನ್ ತುಂಬಿದ ಸಸ್ಪೆನ್ಷನ್ ಸಿಲಿಂಡರೇ ನುಂಗಬೇಕು. ಗ್ಯಾಸ್ ಇಳಿದಿದ್ದರೆ ಏಟು ಸೀದಾ ಫ್ರೇಮಿಗೆ. ನನಗೆ ಬೆಳಿಗ್ಗೆ ಗಾಡಿ ಸುತ್ತ ಒಂದು ಸುತ್ತು ಹಾಕುವ ಅಭ್ಯಾಸ ಇದೆ, ಸಿಲಿಂಡರ್ ಎತ್ತರ ಕಣ್ಣಿಗೆ ಬೀಳುತ್ತದೆ. ಆ ಅಭ್ಯಾಸ ಇಲ್ಲದವರಿಗೆ ಡಂಪರ್ ದುಬಾರಿ.

ಓವರ್‌ಲೋಡ್ ಎರಡಕ್ಕೂ ವಿಷ. ವೆಲ್ಡಿಂಗ್ ಜಾಯಿಂಟ್ ಮೇಲೆ ಒತ್ತಡ 20% ಏರಿದರೆ ಅದರ ಆಯಸ್ಸು ಸುಮಾರು 40% ಇಳಿಯುತ್ತದೆ. ಡಂಪರ್ ತಯಾರಿಸುವ ಕ್ಯಾಟರ್‌ಪಿಲ್ಲರ್ ಕಂಪನಿಯ 10-10-20 ನಿಯಮ ಇರೋದೇ ಇದಕ್ಕೆ: ಸರಾಸರಿ ಲೋಡ್ ನಿಗದಿ ಮೀರಬಾರದು, 110% ದಾಟುವ ಲೋಡ್‌ಗಳು ನೂರಕ್ಕೆ ಹತ್ತಕ್ಕಿಂತ ಹೆಚ್ಚಿರಬಾರದು, 120% ಯಾವತ್ತೂ ದಾಟಬಾರದು. ಅದಿರು ತುಂಬುವ ನಮ್ಮ ಆಪರೇಟರ್‌ಗೆ ಆ ಕಡೇ ಬಕೆಟ್ ಬಿಡಿಸೋದೇ ದೊಡ್ಡ ಕೆಲಸ.

ಆರ್ಟಿಕ್ಯುಲೇಟೆಡ್ ಗಾಡಿಯನ್ನೂ ಒಂದು ಮಳೆಗಾಲ ಬಾಡಿಗೆಗೆ ತಂದಿದ್ದೆ. ಎರಡು ತುಂಡು ಫ್ರೇಮ್, ನಡುವೆ ಅವನ್ನು ಸೇರಿಸುವ ಹಿಚ್ ತಿರುಗುತ್ತದೆ, ತಿರುಚುವ ಬಲ ಫ್ರೇಮಿಗೆ ಅಷ್ಟಾಗಿ ಹೋಗೋದಿಲ್ಲ. ಕೆಸರಿಗೆ ರಾಜ. ಬಾಡಿಗೆ ಮಾತ್ರ ನನ್ನ ರೇಟಿಗೆ ಗಿಟ್ಟಲಿಲ್ಲ.

ನನ್ನ ಕೆಲಸ ಗಣಿಯಿಂದ ಒಳಗಿನ ಸ್ಟಾಕ್‌ಯಾರ್ಡಿಗೆ ಅಷ್ಟೇ, ಡಾಂಬರು ರಸ್ತೆಗೆ ಇಳಿಯೋದಿಲ್ಲ. ಮೈಸೂರಿನ ಬಿಇಎಂಎಲ್ ಕಾರ್ಖಾನೆಯಲ್ಲೇ ಡಂಪರ್ ತಯಾರಾಗುವುದರಿಂದ ಈ ಗಾತ್ರದ ಗಾಡಿ ಬಲ್ಲ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ಆದರೆ ಸೈಟು ಬದಲಾಯಿಸಬೇಕು ಅಂದರೆ ಡಂಪರನ್ನೇ ಹೊತ್ತೊಯ್ಯುವ ಲೋ-ಬೆಡ್ ಟ್ರೈಲರ್ ಬೇಕು, ಆ ಖರ್ಚು ಸುಮ್ನೆ ಅಲ್ಲ. ಹಳೇದು ಕೊಳ್ಳುವಾಗ ಫ್ರೇಮಿಗೆ ಹೊಸ ಪೇಂಟ್ ಹೊಡೆದಿದ್ದರೆ ಅನುಮಾನ ಪಡಿ. ಎರಕ ಮತ್ತು ಪ್ಲೇಟ್ ಸೇರುವಲ್ಲಿ ಪೇಂಟ್ ಕೆರೆಸಿ ಡೈ ಟೆಸ್ಟ್ (ಬಣ್ಣದ ದ್ರಾವಣ ಬಳಿದು ಸಣ್ಣ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿ.

ಡಾಂಬರು ರಸ್ತೆಯಲ್ಲಿ ರೈಲ್ವೆ ಸೈಡಿಂಗ್‌ವರೆಗೆ (ರೈಲಿಗೆ ಅದಿರು ತುಂಬುವ ಜಾಗದವರೆಗೆ) ಅದಿರು ಒಯ್ಯುವವರಿಗೆ ಟಿಪ್ಪರ್ ಬಿಟ್ಟು ಗತಿಯಿಲ್ಲ. ಅಂಥವರು ಸಬ್‌ಫ್ರೇಮಿನ ಮುಂತುದಿ ಓರೆಯಾಗಿ ಸಣ್ಣಗಾಗುತ್ತಾ ಬಂದಿದೆಯಾ ನೋಡಿ. ಸೀದಾ ಕತ್ತರಿಸಿಟ್ಟಿದ್ದರೆ ಬಾಡಿ ಕಟ್ಟಿದವರಿಗೇ ವಾಪಸ್ ಕಳಿಸಿ, ಬಾಕಿ ದುಡ್ಡು ಕೊಡುವ ಮುಂಚೆ.