ಹೆಸರಿಲ್ಲದ ಜೆರಾಕ್ಸ್ ನೋಟ್ಸ್ ನಂಬಿ ಇತಿಹಾಸ ಓದುತ್ತಿರುವವರೇ, ಸ್ವಲ್ಪ ನಿಲ್ಲಿ

ಮೈಸೂರಿನಲ್ಲೂ ಮಂಡ್ಯದಲ್ಲೂ ಕೋಚಿಂಗ್ ಸೆಂಟರುಗಳ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿದ ಕಟ್ಟುಗಳು ಸಿಗುತ್ತವೆ. ಮೇಲೆ ‘ಭಾರತದ ಇತಿಹಾಸ ಮತ್ತು ಸಂಸ್ಕೃತಿ, ಸಂಪೂರ್ಣ’ ಅಂತ ಇರುತ್ತದೆ. ಬರೆದವರ ಹೆಸರಿರುವುದಿಲ್ಲ, ಯಾವ ವರ್ಷದ್ದು ಅಂತಲೂ ಇರುವುದಿಲ್ಲ. ಅದೇ ಕಟ್ಟು ಪಿಡಿಎಫ್ ಆಗಿ ಟೆಲಿಗ್ರಾಂ ಗ್ರೂಪುಗಳಲ್ಲೂ ಓಡಾಡುತ್ತದೆ. ಕೆಎಎಸ್, ಐಎಎಸ್ ಎರಡಕ್ಕೂ ಇದೊಂದೇ ಸಾಕು ಎಂದು ನಂಬಿ ಉರು ಹೊಡೆದವರು ಕೀ ಉತ್ತರ ಬಂದ ದಿನ ಕಂಗಾಲಾಗಿದ್ದಾರೆ. ಹಗಲೂ ರಾತ್ರಿ ಕೂತು ಓದಿದ ಮಕ್ಕಳು ಅವರು. ಬಾಯಿಪಾಠ ಮಾಡಿದ ಸಾಲೇ ತಪ್ಪಿದ್ದರೆ ಯಾರು ತಾನೇ ಏನು ಮಾಡಿಯಾರು? ಅಂಥ ಕಟ್ಟುಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ.

ಮೊದಲು ತಪ್ಪಿಗೆ ತೆರುವ ಬೆಲೆ. ಐಎಎಸ್‌ಗಾಗಿ ನಡೆಯುವ ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ. ಒಂದು ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ, ಅಂದರೆ 0.66 ಅಂಕ ಕಡಿತ. ಕೆಎಎಸ್‌ನಲ್ಲಿ ಕಾಲು ಭಾಗ ಹೋಗುತ್ತದೆ. ಯುಪಿಎಸ್‌ಸಿಯಲ್ಲಿ ಐದು ಪ್ರಶ್ನೆ ತಪ್ಪಿದರೆ ಬರಬೇಕಿದ್ದ 10 ಅಂಕ ಹೋಗಿ, ಮೇಲೆ 3.3 ಅಂಕ ದಂಡ. ಏನೂ ಗೊತ್ತಿಲ್ಲದವರು ಪ್ರಶ್ನೆ ಬಿಟ್ಟು ಮುಂದೆ ಹೋಗುತ್ತಾರೆ. ತಪ್ಪು ನೋಟ್ಸ್ ಓದಿದವರು ಧೈರ್ಯವಾಗಿ ಓಎಂಆರ್ ಉತ್ತರ ಹಾಳೆ ತುಂಬುತ್ತಾರೆ. 2023ರಿಂದ ಯುಪಿಎಸ್‌ಸಿಯಲ್ಲಿ ‘ಮೇಲಿನ ಹೇಳಿಕೆಗಳಲ್ಲಿ ಎಷ್ಟು ಸರಿ’ ಎಂಬ ಮಾದರಿ ಹೆಚ್ಚಾಗಿರುವುದರಿಂದ ಆಯ್ಕೆಗಳನ್ನು ಒಂದೊಂದಾಗಿ ಹೊಡೆದುಹಾಕುವ ಉಪಾಯವೂ ನಡೆಯುವುದಿಲ್ಲ. ಒಂದು ಹೇಳಿಕೆ ತಪ್ಪಾಗಿ ತಲೆಯಲ್ಲಿ ಕೂತಿದ್ದರೆ ಸಾಕು, ಆ ಪ್ರಶ್ನೆ ಕೈತಪ್ಪಿದ ಹಾಗೆಯೇ.

ಹಳೆಯ ಕಟ್ಟನ್ನು ಹಿಡಿಯುವ ಸುಲಭ ದಾರಿ ಪಟ್ಟಿಗಳು. ಶಾಸ್ತ್ರೀಯ ಭಾಷೆಗಳು ಆರು ಎಂದಿದ್ದರೆ ಅದು 2024ರ ಅಕ್ಟೋಬರ್‌ಗೂ ಹಿಂದಿನದು. ಮರಾಠಿ, ಪಾಲಿ, ಪ್ರಾಕೃತ, ಅಸ್ಸಾಮಿ, ಬಂಗಾಳಿ ಸೇರಿ ಈಗ ಹನ್ನೊಂದು. ಕರ್ನಾಟಕದ ವಿಶ್ವ ಪರಂಪರೆ ತಾಣ ಅಂದರೆ ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟ ಎಂದು ನಿಲ್ಲಿಸಿದ್ದರೂ ಅಷ್ಟೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ ಹೊಯ್ಸಳ ದೇವಾಲಯ ಸಮೂಹವಾಗಿ ಪಟ್ಟಿಗೆ ಹೋಗಿವೆ. ಮೂರು ಊರು, ಆದರೆ ಪಟ್ಟಿಯಲ್ಲಿ ಒಂದೇ ನಮೂದು. ಇದನ್ನು ಮೂರು ತಾಣ ಎಂದು ಎಣಿಸಿದ ಕಟ್ಟುಗಳೂ ಇವೆ.

ನಮ್ಮ ಮನೆ ಬಾಗಿಲಿನ ಇತಿಹಾಸವೇ ಹೆಚ್ಚು ಕೆಟ್ಟಿರುವುದು. ಮೈಸೂರು ಯುದ್ಧಗಳ ಪುಟ ತೆಗೆದು ನೋಡಿ. ಮಂಗಳೂರು ಒಪ್ಪಂದವನ್ನು ಹೈದರಾಲಿ ಮಾಡಿಕೊಂಡ ಎಂದು ಬರೆದಿರುತ್ತಾರೆ. ಎರಡನೇ ಯುದ್ಧ ಶುರುವಾದಾಗ, ಅಂದರೆ 1780ರಲ್ಲಿ, ಹೈದರ್ ಇದ್ದದ್ದು ನಿಜ. ಆದರೆ ಆತ ತೀರಿಕೊಂಡದ್ದು 1782ರ ಡಿಸೆಂಬರ್‌ನಲ್ಲಿ. 1784ರ ಒಪ್ಪಂದ ಟಿಪ್ಪುವಿನದು. ಹೈದರ್ ಕಾಲದ್ದು ಮೊದಲ ಯುದ್ಧ ಮುಗಿಸಿದ 1769ರ ಮದ್ರಾಸ್ ಒಪ್ಪಂದ. ಯುದ್ಧಕ್ಕೊಬ್ಬ ರಾಜ ಎಂದು ಕೋಷ್ಟಕ ಹಾಕಿದ್ದರಿಂದ ಈ ತಪ್ಪು ಹುಟ್ಟಿದೆ. ಹಾಗೆಯೇ ‘ಶ್ರೀರಂಗಪಟ್ಟಣ’ ಎರಡು ಸಲ ಬರುತ್ತದೆ: 1792ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಎದುರು ಒಪ್ಪಂದ, 1799ರ ಮೇ 4ರಂದು ಪತನ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳ ಒತ್ತೆ, ಇವೆಲ್ಲ 1792ರವು. ಇವನ್ನು 1799ಕ್ಕೆ ಅಂಟಿಸಿದ್ದರೆ ಆ ಕಟ್ಟನ್ನು ಅಲ್ಲಿಗೇ ಮುಚ್ಚಿಡಿ.

ಮುಂದಿನ ಪುಟದಲ್ಲಿ ‘1799ರಿಂದ 1881ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ಆಡಳಿತ’ ಎಂಬ ಸಾಲಿರುತ್ತದೆ. ಇದು ಇನ್ನೂ ದೊಡ್ಡ ತಪ್ಪು. 1799ರಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಬ್ರಿಟಿಷ್ ಸೈನ್ಯವನ್ನು ರಾಜ್ಯದ ಖರ್ಚಿನಲ್ಲಿ ಇಟ್ಟುಕೊಳ್ಳುವ ಸಹಾಯಕ ಸೈನ್ಯ ಒಪ್ಪಂದದ ಅಡಿ. ನಗರ (ಬಿದನೂರು) ಸೀಮೆಯ ರೈತರ ದಂಗೆಯ ನಂತರ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತ ಕಿತ್ತುಕೊಂಡ. ಕಮಿಷನರುಗಳ ಆಳ್ವಿಕೆ 1831ರಿಂದ 1881, ಬರೋಬ್ಬರಿ ಐವತ್ತು ವರ್ಷ. 1881ರಲ್ಲಿ ರಾಜ್ಯ ಮರಳಿ ಸಿಕ್ಕಿದ್ದು ಚಾಮರಾಜೇಂದ್ರ ಒಡೆಯರಿಗೆ. ಅದೇ ವರ್ಷ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಬಂತು. ಈ ಎಳೆ ಒಮ್ಮೆ ಕೈಗೆ ಸಿಕ್ಕರೆ ಮುಂದಿನ ಇಸವಿಗಳು ತಾವಾಗಿ ಕೂರುತ್ತವೆ. ಬರೀ ಇಸವಿ ಉರು ಹೊಡೆಯಲು ಹೋದರೆ 1831 ಯಾಕೆ ಮುಖ್ಯ ಅನ್ನುವುದೇ ತಿಳಿಯುವುದಿಲ್ಲ.

ವಾಸ್ತುಶಿಲ್ಪದ ಪುಟಗಳಲ್ಲಿ ‘ನಾಗರ ಉತ್ತರದ್ದು, ದ್ರಾವಿಡ ದಕ್ಷಿಣದ್ದು, ವೇಸರ ಎರಡರ ಮಿಶ್ರಣ’ ಎಂದು ಬರೆದು ಮುಗಿಸಿರುತ್ತಾರೆ. ಪರೀಕ್ಷೆಯಲ್ಲಿ ಕೇಳುವುದು ಭಾಗಗಳನ್ನು. ನಾಗರದಲ್ಲಿ ಗರ್ಭಗುಡಿಯ ಮೇಲೆ ಏರುವ ಇಡೀ ಭಾಗವೇ ಶಿಖರ. ದ್ರಾವಿಡದಲ್ಲಿ ಗರ್ಭಗುಡಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಭಾಗ ವಿಮಾನ, ಶಿಖರ ಎಂಬುದು ಅದರ ತಲೆಯ ಭಾಗಕ್ಕಷ್ಟೇ. ಗೋಪುರವೆಂದರೆ ಪ್ರಾಕಾರದ, ಅಂದರೆ ದೇವಾಲಯದ ಸುತ್ತುಗೋಡೆಯ, ಹೆಬ್ಬಾಗಿಲ ಮೇಲಿನದು. ಇದನ್ನು ಚಿತ್ರ ನೋಡದೆ ಕಲಿಯಲು ಆಗುವುದಿಲ್ಲ, ಜೆರಾಕ್ಸ್ ಕಟ್ಟಿನಲ್ಲಿ ಚಿತ್ರವೆಲ್ಲ ಮಸಿ ಮಸಿ. ಮೈಸೂರಿನಿಂದ ಸುಮಾರು 35 ಕಿಲೋಮೀಟರಿನಲ್ಲಿ ಸೋಮನಾಥಪುರವಿದೆ, ಒಂದು ಭಾನುವಾರ ಹೋಗಿ ಬನ್ನಿ. ಜಗತಿಯ (ಎತ್ತರದ ಕಟ್ಟೆಯ) ಮೇಲೆ ನಿಂತ ತ್ರಿಕೂಟ, ಕೇಶವ, ಜನಾರ್ದನ, ವೇಣುಗೋಪಾಲರ ಮೂರು ಗರ್ಭಗುಡಿ, ನಕ್ಷತ್ರಾಕಾರದ ತಳವಿನ್ಯಾಸ, ಎಲ್ಲ ಕಣ್ಣೆದುರೇ ಸಿಗುತ್ತದೆ. ಕಟ್ಟಿಸಿದ್ದು ದಂಡನಾಯಕ ಸೋಮನಾಥ, 1258ರಲ್ಲಿ, ಮೂರನೇ ನರಸಿಂಹನ ಕಾಲ. ಹೊಯ್ಸಳ ಎಂದ ಕೂಡಲೇ ವಿಷ್ಣುವರ್ಧನ ಎಂದು ತುಂಬಿದರೆ ಹೋಯಿತು. ಆತನದು ಬೇಲೂರು, 1117. ಕೆತ್ತನೆ ಅಷ್ಟು ಸೂಕ್ಷ್ಮವಾಗಲು ಬಳಪದ ಕಲ್ಲು ಕಾರಣ: ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ.

ಶಾಸನಗಳಲ್ಲಿ ತಾಳಗುಂದ ಒಂದು ಬಲೆ. ಕುಬ್ಜ ಕವಿ ಬರೆದ ತಾಳಗುಂದದ ಸ್ತಂಭ ಶಾಸನ ಸಂಸ್ಕೃತದ್ದು, ಕದಂಬ ವಂಶ ಸ್ಥಾಪಿಸಿದ ಮಯೂರಶರ್ಮನ ಕಥೆ ಹೇಳುವುದು ಅದು. ಸುಮಾರು 370ರದೆಂದು ಪುರಾತತ್ವ ಇಲಾಖೆ ಗುರುತಿಸಿದ, ಅದೇ ಊರಿನ ಸಿಂಹಕಟಾಂಜನ (ಸಿಂಹದ ಕೆತ್ತನೆಯ ಕಟಾಂಜನದ ಮೇಲಿನ) ಶಾಸನ ಬೇರೆ. ಅತಿ ಹಳೆಯ ಕನ್ನಡ ಶಾಸನವೆಂದು ಹೆಸರಾದ ಹಲ್ಮಿಡಿಗಿಂತ ಹಳೆಯದು ಎಂಬ ಮಾತು ಅದರ ಬಗ್ಗೆ. ಎರಡನ್ನೂ ಬೆರೆಸಿ ಒಂದೇ ಸಾಲು ಮಾಡಿದವರಿದ್ದಾರೆ. ಇನ್ನು ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ‘ನಾಯಿಯ ಸ್ಮಾರಕ’ ಎಂದಷ್ಟೇ ಬರೆದು ಬಿಡುತ್ತಾರೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಜೊತೆಗೆ, ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸುದ್ದಿಯೂ ಆ ಕಲ್ಲಿನಲ್ಲೇ ಇದೆ. ಮಂಡ್ಯದ ಒಂದು ಹಳ್ಳಿಯ ಕಲ್ಲು ಮೂರು ರಾಜವಂಶಗಳನ್ನು ಜೋಡಿಸುತ್ತದೆ. ಇಂಥದ್ದನ್ನು ಬಿಟ್ಟು ಓದುವುದು ನಷ್ಟ.

ಸ್ವಾತಂತ್ರ್ಯ ಹೋರಾಟದ ಪುಟದಲ್ಲಿ ಶಿವಪುರ, ವಿದುರಾಶ್ವತ್ಥ ಎರಡೂ 1938ರ ಏಪ್ರಿಲ್‌ನವು. ಮದ್ದೂರಿನ ಶಿವಪುರದ್ದು ಧ್ವಜ ಸತ್ಯಾಗ್ರಹ. ಗೋಲಿಬಾರ್ ಆದದ್ದು 25ರಂದು ವಿದುರಾಶ್ವತ್ಥದಲ್ಲಿ. ಅದಲು ಬದಲಾಗಿರುತ್ತದೆ, ನೋಡಿಕೊಳ್ಳಿ.

ಹಾಗಾದರೆ ಏನು ಓದುವುದು? ಎನ್‌ಸಿಇಆರ್‌ಟಿಯ ಆರರಿಂದ ಹನ್ನೆರಡರವರೆಗಿನ ಇತಿಹಾಸದ ಪಾಠಗಳು, ಹನ್ನೊಂದನೇ ತರಗತಿಯ ಭಾರತೀಯ ಕಲೆಯ ಪಠ್ಯ, ಎಲ್ಲ ಅವರ ಜಾಲತಾಣದಲ್ಲಿ ಉಚಿತ. ಕರ್ನಾಟಕ ಭಾಗಕ್ಕೆ ರಾಜ್ಯದ ಪಠ್ಯಗಳು, ಅದರ ಮೇಲೆ ಒಂದು ಪ್ರಮಾಣ ಗ್ರಂಥ. ಒಂದೇ. ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ಓದಿನ ಕೊನೆಗೆ ಇಟ್ಟುಕೊಳ್ಳಬೇಡಿ, ಅಧ್ಯಾಯ ಮುಗಿದ ಹಾಗೆ ಆಯಾ ಪ್ರಶ್ನೆ ಬಿಡಿಸಿ. ನೋಟ್ಸ್ ನಿಮ್ಮ ಕೈಯಲ್ಲೇ ಬರೆಯಿರಿ, ಪ್ರತಿ ಸಾಲಿನ ಮಗ್ಗುಲಲ್ಲಿ ಪುಸ್ತಕ, ಪುಟ ಸಂಖ್ಯೆ ಹಾಕಿ. ಬದಲಾಗುವ ಪಟ್ಟಿಗಳಿಗೆ ಬೇರೆ ಹಾಳೆ, ಪೆನ್ಸಿಲಿನಲ್ಲಿ. ಪಾರಿಭಾಷಿಕ ಪದಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದುಕೊಳ್ಳಿ. ಪ್ರಶ್ನೆಯ ಕನ್ನಡ ಅನುವಾದ ಗೊಂದಲವಾದ ಕಡೆ ಅದೇ ಪ್ರಶ್ನೆಯ ಇಂಗ್ಲಿಷ್ ರೂಪ ನೋಡಿ ಉತ್ತರ ಹುಡುಕಲು ಇದು ಬೇಕಾಗುತ್ತದೆ. ಯುಪಿಎಸ್‌ಸಿ ಮೇನ್ಸ್‌ಗೆ 10 ಅಂಕಕ್ಕೆ 150 ಪದ, 15 ಅಂಕಕ್ಕೆ 250 ಪದ. ಅಲ್ಲಿ ಒಂದು ಶಾಸನ, ಒಂದು ದೇವಾಲಯದ ಚಿಕ್ಕ ನಕ್ಷೆ ಹಾಕಿದವರ ಉತ್ತರಕ್ಕೆ ತೂಕ ಬರುತ್ತದೆ.

ಕಟ್ಟು ಕೊಳ್ಳಲೇಬೇಕು ಅನಿಸಿದರೆ ದುಡ್ಡು ಕೊಡುವ ಮುಂಚೆ ಮೇಲೆ ಹೇಳಿದ ಪುಟಗಳನ್ನು ಅಂಗಡಿಯಲ್ಲೇ ನಿಂತು ತೆರೆದು ನೋಡಿ: ಶಾಸ್ತ್ರೀಯ ಭಾಷೆ, ಮಂಗಳೂರು ಒಪ್ಪಂದ, 1831, ಸೋಮನಾಥಪುರ, ತಾಳಗುಂದ. ಐದು ನಿಮಿಷದ ಕೆಲಸ. ಎರಡು ತಪ್ಪು ಸಿಕ್ಕರೂ ವಾಪಸ್ ಕೊಟ್ಟುಬಿಡಿ. ಕೀ ಉತ್ತರ ಬಂದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಿಗುವ ದಿನಗಳು ಕಡಿಮೆ, ಜೊತೆಗೆ ಆಧಾರ ಇಡಬೇಕು. ಹೆಸರಿಲ್ಲದ ಜೆರಾಕ್ಸ್ ಹಾಳೆಯನ್ನು ಯಾರೂ ಆಧಾರ ಅಂತ ಒಪ್ಪುವುದಿಲ್ಲ. ಮಗ್ಗುಲಲ್ಲಿ ಪುಟ ಸಂಖ್ಯೆ ಬರೆದಿಟ್ಟವರು ಅದೇ ದಿನ ಆ ಪುಟ ತೆಗೆದು ಆಕ್ಷೇಪಣೆಯ ಜೊತೆ ಲಗತ್ತಿಸಬಹುದು.